ನಿವೃತ್ತಿಯವರೆಗೆ ಕಾಯಬೇಡ

ಚಿರಂಜೀವಿ ಸೋದರಳಿಯನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು. ಇಲ್ಲಿ ಮೈಸೂರಿನಲ್ಲಿ ನಾವೆಲ್ಲ ಕ್ಷೇಮ.

ನಿನ್ನ ಕಾಗದ ತಲುಪಿತು. ಚಾಳೀಸು ಬಂದಿತೆಂದೂ, ಕಿವಿಯ ಪಕ್ಕದ ಕೂದಲು ನರೆಯಿತೆಂದೂ, ನಲವತ್ತೇಳಕ್ಕೇ ಆಯುಸ್ಸಿನ ಒಳ್ಳೆಯ ಪಾಲು ಮುಗಿದಂತಾಯಿತೆಂದೂ ನೊಂದು ಬರೆದಿದ್ದೀಯೆ. ಅದೇ ಕಾಗದದ ಕೊನೆಯಲ್ಲಿ, ಪಿಟೀಲನ್ನು ಮತ್ತೆ ಕೈಗೆತ್ತಿಕೊಳ್ಳುವುದು, ಮಂಡ್ಯದ ತೋಟದ ಕಡೆ ಗಮನ ಕೊಡುವುದು, ತಾಯಿಯನ್ನು ಮೇಲುಕೋಟೆಗೆ ಕರೆದುಕೊಂಡು ಹೋಗುವುದು, ಇವನ್ನೆಲ್ಲ ನಿವೃತ್ತಿಯಾದ ಮೇಲೆ ನೋಡಿಕೊಳ್ಳುತ್ತೇನೆ ಎಂದೂ ಬರೆದಿದ್ದೀಯೆ. ಮೊದಲನೆಯ ಮಾತಿಗಿಂತ ಈ ಎರಡನೆಯ ಮಾತೇ ನನಗೆ ಹೆಚ್ಚು ಕಳವಳ ತಂದಿತು. ಮುಪ್ಪೆಂದರೆ ಹೆದರುವ ನೀನು, ಮನಸ್ಸಿಗೆ ಬೇಕಾದ ಕೆಲಸಗಳನ್ನೆಲ್ಲ ಆ ಮುಪ್ಪಿನ ತಲೆಯ ಮೇಲೆಯೇ ಹೊರಿಸುತ್ತಿದ್ದೀಯಲ್ಲ!

ಚಾಳೀಸಿನ ವಿಷಯಕ್ಕೆ ಹೆಚ್ಚು ಮಾತು ಬೇಡ. ಕಣ್ಣಿನೊಳಗಿನ ಮಸೂರ ವರ್ಷಗಳು ಕಳೆದಂತೆ ಗಡುಸಾಗುವುದರಿಂದ ನಲವತ್ತರ ಆಚೆಗೆ ಹತ್ತಿರದ ಅಕ್ಷರ ಮಸುಕಾಗುತ್ತದೆ. ಕನ್ನಡಕ ಹಾಕಿಕೊಂಡರೆ ಆಯಿತು. ಮೈಯ ಬಲದ ವಿಷಯ ಹಾಗಲ್ಲ. ಮೂವತ್ತು ದಾಟಿದ ಮೇಲೆ ಸ್ನಾಯುಗಳು ನಮಗೆ ತಿಳಿಯದಂತೆಯೇ ಕ್ಷೀಣಿಸತೊಡಗುತ್ತವೆ, ಅರವತ್ತರ ನಂತರ ಆ ಇಳಿತ ಇನ್ನೂ ಬಿರುಸಾಗುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಶ್ರಮ, ಅದರ ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕಾಗಿಯೇ. ನೀನು ಒಂದು ಸಣ್ಣ ಪರೀಕ್ಷೆ ಮಾಡಿಕೊ: ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಊಟ ಮಾಡಿ, ಕೈ ಊರದೆ ಏಳಲು ನೋಡು. ಆಗದಿದ್ದರೆ ಎದೆಗುಂದಬೇಕಾಗಿಲ್ಲ, ಆದರೆ ಅಭ್ಯಾಸವನ್ನು ನಾಳೆಯಿಂದಲೇ ಹಿಡಿ. ತೋಟದ ಬದುವಿನ ಮೇಲೆ ಅರವತ್ತೈದರಲ್ಲಿ ನಡೆಯಬೇಕಾದ ಕಾಲುಗಳು ಈಗ ಬೆಂಗಳೂರಿನ ನಿನ್ನ ಕಚೇರಿಯ ಮೇಜಿನ ಕೆಳಗೆ ಇಡೀ ದಿನ ಸುಮ್ಮನೆ ಕುಳಿತಿವೆ.

ಒಳ್ಳೆಯ ಪಾಲು ಮುಗಿಯಿತು ಎಂಬ ನಿನ್ನ ಲೆಕ್ಕವನ್ನೂ ನಾನು ಒಪ್ಪಲಾರೆ. ಸರ್ ಎಂ. ವಿಶ್ವೇಶ್ವರಯ್ಯನವರು 1908ರಲ್ಲಿ ಮುಂಬಯಿ ಸರ್ಕಾರದ ನೌಕರಿಯನ್ನು ತಾವಾಗಿಯೇ ಬಿಟ್ಟಾಗ ಅವರಿಗೆ ಹೆಚ್ಚುಕಡಿಮೆ ನಿನ್ನ ಈಗಿನ ವಯಸ್ಸೇ. ಮರುವರ್ಷ ಮೈಸೂರಿನ ಮುಖ್ಯ ಎಂಜಿನಿಯರ್ ಆದದ್ದು, 1911ರಲ್ಲಿ ಕನ್ನಂಬಾಡಿ ಅಣೆಕಟ್ಟೆಯ ಕೆಲಸ ಆರಂಭವಾದದ್ದು, 1912ರಿಂದ 1918ರವರೆಗೆ ದಿವಾನರಾಗಿದ್ದದ್ದು, ಆ ನಡುವೆ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು, ಎಲ್ಲವೂ ಅದರ ನಂತರದ ಮಾತು. ಅವರಂಥ ಕರ್ತೃತ್ವ ಎಲ್ಲರಿಗೂ ಬರುವುದಿಲ್ಲ ಎಂಬುದು ನಿಜ. ಆದರೆ ಮಂಡ್ಯದಲ್ಲಿ ಅವರ ಹೆಸರಿನ ನಾಲೆಯ ನೀರು ಕುಡಿದ ಗದ್ದೆಗಳ ನಡುವೆ ಬೆಳೆದವನು ನಲವತ್ತೇಳಕ್ಕೇ ಕೈಚೆಲ್ಲಿ ಕೂರುವುದು ನನಗೆ ಸರಿಕಾಣುವುದಿಲ್ಲ.

ಇಲ್ಲಿ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನನ್ನ ಜೊತೆ ನಡೆಯುವವರಲ್ಲಿ ಹೆಚ್ಚಿನವರು ನಿವೃತ್ತರು. ಅವರಲ್ಲೊಬ್ಬರು ಹಿಂದೆ ಬ್ಯಾಂಕಿನಲ್ಲಿದ್ದವರು. ನೌಕರಿಯಲ್ಲಿದ್ದಾಗಲೇ ರಜೆಯ ದಿನಗಳಲ್ಲಿ ಕೊಕ್ಕರೆ ಬೆಳ್ಳೂರಿಗೆ ಹೋಗಿ ಹಕ್ಕಿಗಳನ್ನು ಗುರುತಿಸಲು ಕಲಿತವರು. ಈಗ ಅವರ ಕೈ ನಡುಗುತ್ತದೆ. ಆದ್ದರಿಂದ ಮೊಣಕೈಗಳನ್ನು ಕಲ್ಲು ಬೆಂಚಿನ ಒರಗಿಗೆ ಊರಿ, ಉಸಿರನ್ನು ಒಂದಿಷ್ಟು ಬಿಗಿಹಿಡಿದು, ದುರ್ಬೀನನ್ನು ಕಣ್ಣಿಗಿಟ್ಟು, ನೀರಿನ ಮೇಲೆ ಇಳಿಯುವ ಹೆಜ್ಜಾರ್ಲೆಯ ಕೊಕ್ಕಿನ ಕೆಳಗಿನ ಚೀಲವನ್ನು ಪಕ್ಕದಲ್ಲಿ ನಿಂತ ಹುಡುಗರಿಗೆ ತೋರಿಸುತ್ತಾರೆ. ಅದೇ ಏರಿಯ ಮೇಲೆ, ನಿವೃತ್ತಿಯಾದ ಮೇಲೆ ಏನಾದರೊಂದು ಹಚ್ಚಿಕೊಂಡರಾಯಿತು ಎಂದುಕೊಂಡಿದ್ದವರೂ ಇದ್ದಾರೆ. ಅವರಿಗೆ ಬೆಳಗಿನ ಪತ್ರಿಕೆ ಓದಿ ಮುಗಿದ ಮೇಲೆ ಹೊತ್ತು ಹೋಗುವುದೇ ಕಷ್ಟ. ಅವರ ಸ್ಥಿತಿ ಕಂಡು ನನಗೆ ಮರುಕವಾಗುತ್ತದೆ. ಬಿಡುವು ಸಿಕ್ಕಿತು, ಆದರೆ ಆಸಕ್ತಿ ಅದರ ಜೊತೆಗೆ ತಾನಾಗಿ ಬರಲಿಲ್ಲ.

ಆದ್ದರಿಂದ ಪಿಟೀಲನ್ನು ಈಗಲೇ ಅಟ್ಟದಿಂದ ಇಳಿಸು. ತಂತಿಗಳನ್ನು ಬದಲಾಯಿಸಿ, ಕಮಾನನ್ನು ಸರಿಮಾಡಿಸಿ, ಸರಳೆ ವರಸೆಯಿಂದ ಮೊದಲುಮಾಡು. ದಿನಕ್ಕೆ ಅರ್ಧ ಗಂಟೆ ಸಾಕು. ಅರವತ್ತಾದ ಮೇಲೆ ನಾಲ್ಕು ಗಂಟೆ ಕೂತು ನುಡಿಸುತ್ತೇನೆ ಎನ್ನುತ್ತೀಯೆ. ಅಷ್ಟು ವರ್ಷ ಕಮಾನು ಮುಟ್ಟದ ಕೈ ಆಗ ನಿನ್ನ ಮಾತು ಕೇಳೀತೆಂದು ಹೇಗೆ ನಂಬಲಿ? ಆಗಲೂ ಕಲಿಯಬಾರದೆಂದಿಲ್ಲ, ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ನಾನು ಎಂದೂ ನಂಬಿದವನಲ್ಲ. ಆದರೆ ಇಂದು ಕೈಗೆಟುಕುವ ಸಂತೋಷವನ್ನು ಹದಿಮೂರು ವರ್ಷ ಮುಂದೂಡಲು ಕಾರಣವೇನು?

ಕೊನೆಯದಾಗಿ ನಿನ್ನ ತಾಯಿಯ ವಿಷಯ. ಮೇಲುಕೋಟೆಯ ಯೋಗಾನರಸಿಂಹಸ್ವಾಮಿಯ ಬೆಟ್ಟವನ್ನು ಮೆಟ್ಟಿಲು ಹತ್ತಿಯೇ ನೋಡಬೇಕೆಂಬುದು ಅವಳ ಆಸೆ, ಮತ್ತು ಅವಳ ಮಂಡಿಗಳು ನಿನ್ನ ನಿವೃತ್ತಿಯವರೆಗೆ ಕಾಯಲಾರವು. ವೈರಮುಡಿಯ ರಾತ್ರಿ ಜನಜಂಗುಳಿ ಹೆಚ್ಚು, ಅವಳಿಗೆ ತ್ರಾಸವಾದೀತು. ಉತ್ಸವ ಮುಗಿದ ಮೇಲೆ, ಬಿಸಿಲೇರುವ ಮುನ್ನ ಬೆಟ್ಟದ ಬುಡ ತಲುಪುವಂತೆ ಒಂದು ದಿನ ಗೊತ್ತುಮಾಡು, ನಡುನಡುವೆ ಕುಳಿತು ಸುಧಾರಿಸಿಕೊಳ್ಳಲಿ, ಅವಸರಪಡಿಸಬೇಡ. ಯಾವ ದಿನವೆಂದು ಒಂದು ವಾರ ಮುಂಚೆ ತಿಳಿಸಿದರೆ ನಾನೂ ಮೈಸೂರಿನಿಂದ ಹೊರಟು ಬಂದು ನಿಮ್ಮನ್ನು ಕೂಡಿಕೊಳ್ಳುತ್ತೇನೆ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಮಾವ