ಮಗುವಿನ ಗುಟ್ಟು ಇರಲಿ, ಕಚೇರಿಯ ಗುಟ್ಟು ಬೇಡ: ಉಡುಪಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ನಿಮಗೇ ಯಾಕೆ ಬರೆಯುತ್ತಿದ್ದೇನೆ ಅಂತ ಮೊದಲು ಹೇಳಿಬಿಡುತ್ತೇನೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ನಿಮ್ಮದು. ಉಡುಪಿ ಜಿಲ್ಲೆಯ ಉಸ್ತುವಾರಿಯೂ ನಿಮ್ಮದೇ. ಬೇರೆ ಜಿಲ್ಲೆಯಾಗಿದ್ದರೆ ಉಸ್ತುವಾರಿ ಸಚಿವರು "ಇದು ಇಲಾಖೆಯ ವಿಷಯ, ಬೆಂಗಳೂರಿಗೆ ಬರೆಯಿರಿ" ಅನ್ನಬಹುದಿತ್ತು. ಬೆಂಗಳೂರಿನವರು "ಜಿಲ್ಲೆಯಲ್ಲೇ ವಿಚಾರಿಸಿ" ಅಂತ ವಾಪಸ್ ಕಳುಹಿಸಬಹುದಿತ್ತು. ಇಲ್ಲಿ ಫೈಲು ಎತ್ತ ಹೋದರೂ ಕೊನೆಗೆ ಬಂದು ಕೂರುವುದು ನಿಮ್ಮ ಮೇಜಿನ ಮೇಲೆ. ಅದು ನಮ್ಮ ಅದೃಷ್ಟ ಅಂತಲೇ ಅಂದುಕೊಂಡಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಪಕ್ಷ, ಸಂಘಟನೆ ಯಾವುದೂ ಇಲ್ಲ. ಈಗ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಹೆಸರು ಹೇಳುವುದಿಲ್ಲ. ಯಾವ ಜಿಲ್ಲೆ, ಯಾವ ಕಚೇರಿ, ಯಾವ ವರ್ಷ ಅಂತಲೂ ಹೇಳುವುದಿಲ್ಲ. ಕರಾವಳಿ ಅಂತ ಮಾತ್ರ ಇಟ್ಟುಕೊಳ್ಳಿ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಮಕ್ಕಳ ಗುರುತು ಸಿಗುವ ಹಾಗೆ ಏನನ್ನೂ ಪ್ರಕಟಿಸಬಾರದು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಒಳ್ಳೆಯ ಸೆಕ್ಷನ್. ಅದನ್ನು ಪಾಲಿಸಿಯೇ ಬರೆಯುತ್ತೇನೆ. ನನ್ನ ಜಗಳ ಇರುವುದು ಅದೇ ಸೆಕ್ಷನ್ ಹಿಂದೆ ಅಡಗಿ ಕೂತವರ ಜೊತೆ.

ಹುಡುಗಿ ದುಡಿಯಲು ಬಂದ ಕುಟುಂಬದವಳು. ತಾಯಿ ಇಲ್ಲ. ಮನೆಯಲ್ಲಿ ಹೊಡೆತ ಬಡಿತ. ಕೈಮೇಲೆ ಬರೆ ನೋಡಿ ಶಾಲೆಯಿಂದ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಹೋಯಿತು. ಇಂಥ ಮಕ್ಕಳು ಎಲ್ಲಿರಬೇಕು ಅಂತ ತೀರ್ಮಾನ ಮಾಡುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಅವಳನ್ನು ತಂದರು. ಅಲ್ಲಿಂದ ಹುಡುಗಿಯರ ವಸತಿಗೆ ಕಳುಹಿಸಿದರು. ಅವಳ ತಮ್ಮನನ್ನು ಬೇರೆ ಕಡೆ ಹುಡುಗರ ವಸತಿಗೆ ಕಳುಹಿಸಿದರು. ಇಷ್ಟರವರೆಗೆ ಎಲ್ಲ ಸರಿ. ಫೋನು ಎತ್ತಿದವರು, ಕರೆದುಕೊಂಡು ಹೋದವರು, ಎಲ್ಲರೂ ಚೆನ್ನಾಗಿಯೇ ನಡೆದುಕೊಂಡರು.

ಕೆಟ್ಟದ್ದು ಆಮೇಲೆ. ಕಾಯ್ದೆಯ 36ನೇ ಸೆಕ್ಷನ್ ಏನು ಹೇಳುತ್ತದೆ ಅಂತ ನಿಮ್ಮ ಅಧಿಕಾರಿಗಳಿಗೆ ಬಾಯಿಪಾಠ ಇರುತ್ತದೆ. 15 ದಿನದೊಳಗೆ ಸಾಮಾಜಿಕ ತನಿಖೆ, ಅಂದರೆ ಮಗುವಿನ ಮನೆ, ಪರಿಸ್ಥಿತಿ ವಿಚಾರಿಸುವುದು, ಮುಗಿಯಬೇಕು. ಮಗು ಮೊದಲ ಸಲ ಹಾಜರಾದ ದಿನದಿಂದ ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ಆಗಬೇಕು. ಇಲ್ಲಿ ತನಿಖೆಗೆ ಹೋಗಬೇಕಾದವರು ಹೋಗಿದ್ದೇ ತಡವಾಗಿ. ಹೋಗಿ ಬಂದು ಬರೆದ ಫಾರಂ ಅನ್ನು ನಾನು ಮೇಜಿನ ಈಚೆ ಕೂತು ತಲೆಕೆಳಗಾಗಿ ಓದಿದೆ. ಟೀಚರ್ ಕೆಲಸ ಮಾಡಿದವರಿಗೆ ಅದು ಅಭ್ಯಾಸ. ಮನೆಯ ವಾತಾವರಣ: ಸಾಧಾರಣ. ಮಗುವಿನ ಹವ್ಯಾಸ: ಟಿವಿ ನೋಡುವುದು. ಮಗುವಿನ ಅಭಿಪ್ರಾಯ ಅನ್ನುವಲ್ಲಿ ಒಂದು ಅಡ್ಡಗೆರೆ. ಆ ಮನೆಗೆ ನಾನು ಹೋಗಿದ್ದೆ ಮೇಡಂ. ಟಿವಿ ಬಿಡಿ, ಕರೆಂಟೇ ಇರಲಿಲ್ಲ. ಫಾರಂ ತುಂಬಿದವರು ಅಂಗಳಕ್ಕೂ ಕಾಲಿಟ್ಟಿರಲಿಕ್ಕಿಲ್ಲ.

ಆ ಅಡ್ಡಗೆರೆ ಇದ್ದ ಜಾಗದಲ್ಲಿ ಏನು ಬರೆಯಬಹುದಿತ್ತು ಅಂತ ನನಗೆ ಗೊತ್ತು. ಅವಳು ಹೋದಲ್ಲೆಲ್ಲ ಕೇಳುತ್ತಿದ್ದದ್ದು ಒಂದೇ, ತಮ್ಮ ಎಲ್ಲಿದ್ದಾನೆ, ಅವನನ್ನು ಯಾವಾಗ ನೋಡಬಹುದು. "ಮುಂದಿನ ಸಿಟ್ಟಿಂಗ್‌ನಲ್ಲಿ ನೋಡೋಣ" ಅಂತ ಉತ್ತರ. ಮುಂದಿನ ಸಿಟ್ಟಿಂಗ್ ದಿನ ಬೆಳಿಗ್ಗೆಯೇ ಯೂನಿಫಾರ್ಮ್ ಹಾಕಿಕೊಂಡು ಬಂದು ವೆರಾಂಡಾದ ಬೆಂಚಿನಲ್ಲಿ ಕೂತಿದ್ದಳು, ಮಧ್ಯಾಹ್ನ ಶಾಲೆಗೆ ಹೋಗಬಹುದು ಅಂತ. ಮೂರು ಜನ ಸದಸ್ಯರು ಬರಲಿಲ್ಲ, ಕೋರಂ ಆಗಲಿಲ್ಲ. ಮತ್ತೊಂದು ತಾರೀಕು ಕೊಟ್ಟರು. ಶಾಲೆಯೂ ಹೋಯಿತು. ಕೊನೆಗೆ ನಾಲ್ಕು ತಿಂಗಳೂ ದಾಟಿ, ದೂರದ ಸಂಬಂಧಿಕರೊಬ್ಬರ ಕೈಗೆ ಅವಳನ್ನು ಒಪ್ಪಿಸಿ ಫೈಲು ಮುಚ್ಚಿದರು. ಆಮೇಲೆ ಆ ಮನೆಗೆ ಹೋಗಿ ನೋಡಿದವರು ಯಾರೂ ಇಲ್ಲ. ಅವಳು ಎಸ್ಸೆಸ್ಸೆಲ್ಸಿ ಬರೆಯಲಿಲ್ಲ.

2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ರಾಜ್ಯಕ್ಕೇ ಫಸ್ಟ್ ಬಂತು. ನಾವೆಲ್ಲ ಸಿಹಿ ಹಂಚಿದೆವು. ಪರೀಕ್ಷೆಗೇ ಕೂರದ ಮಕ್ಕಳು ಶೇಕಡಾವಾರು ಲೆಕ್ಕಕ್ಕೆ ಬರುವುದಿಲ್ಲ ಅಲ್ವಾ.

ಇದು ಒಂದೇ ಕೇಸಾ, ಹೀಗೇ ನಡೆಯುತ್ತದಾ ಅಂತ ತಿಳಿಯಲು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಹೆಸರು ಕೇಳಲಿಲ್ಲ, ವಿಳಾಸ ಕೇಳಲಿಲ್ಲ. ಕೇಳಿದ್ದು ಬರೀ ಸಂಖ್ಯೆ. ಎಷ್ಟು ಮಕ್ಕಳು ಬಂದರು? 15 ದಿನದೊಳಗೆ ಎಷ್ಟು ವರದಿ ಬಂತು? ತಿಂಗಳಿಗೆ ಎಷ್ಟು ದಿನ ಸಮಿತಿ ಕೂತಿತು? ಬಂದ ಉತ್ತರ: ಮಕ್ಕಳ ಗೌಪ್ಯತೆಯ ದೃಷ್ಟಿಯಿಂದ ಮಾಹಿತಿ ನೀಡಲು ಬರುವುದಿಲ್ಲ.

ಸಮಿತಿ ತಿಂಗಳಲ್ಲಿ ಎಷ್ಟು ದಿನ ಕೂತಿತು ಅಂತ ಹೇಳಿದರೆ ಯಾವ ಮಗುವಿನ ಗುರುತು ಸಿಗುತ್ತದೆ ಮೇಡಂ? ಇಲ್ಲಿ ಯಾರ ಮಾನ ಕಾಪಾಡುತ್ತಿದ್ದಾರೆ?

ಬೇಸರದ ವಿಷಯ ಅಂದರೆ, ಹೊಸ ಕಾನೂನು ಏನೂ ಬೇಕಾಗಿಲ್ಲ. 2015ರ ಈ ಬಾಲನ್ಯಾಯ ಕಾಯ್ದೆಯಲ್ಲೇ ಎಲ್ಲವೂ ಇದೆ, ಅದೂ ಖಾರವಾಗಿಯೇ ಇದೆ. ಸಮಿತಿ ತಿಂಗಳಿಗೆ ಕನಿಷ್ಠ 20 ದಿನ ಸೇರಬೇಕು. ಸದಸ್ಯರು ಕಾರಣವಿಲ್ಲದೆ ಮೂರು ತಿಂಗಳು ಬರದಿದ್ದರೆ, ಇಲ್ಲವೇ ವರ್ಷದಲ್ಲಿ ಮುಕ್ಕಾಲು ಪಾಲು ಸಿಟ್ಟಿಂಗ್‌ಗೂ ಬರದಿದ್ದರೆ ಅವರನ್ನು ತೆಗೆಯಬೇಕು. ತಿಂಗಳಿಗೆ ಎರಡು ಸಲವಾದರೂ ಮಕ್ಕಳಿರುವ ವಸತಿಗಳಿಗೆ ಸಮಿತಿ ಹೋಗಿ ನೋಡಬೇಕು. ಎಷ್ಟು ಕೇಸು ಮುಗಿಯಿತು, ಎಷ್ಟು ಬಾಕಿ ಅಂತ ಮೂರು ತಿಂಗಳಿಗೊಮ್ಮೆ ಜಿಲ್ಲಾಧಿಕಾರಿಗೆ ವರದಿ ಕೊಡಬೇಕು. ಬಾಕಿ ಜಾಸ್ತಿ ಇದ್ದರೆ ಜಿಲ್ಲಾಧಿಕಾರಿ ಸರಿಮಾಡಿ ಅನ್ನಬೇಕು. ಅನ್ನಿಸಿಕೊಂಡ ಮೇಲೂ ಮೂರು ತಿಂಗಳು ಸರಿಯಾಗದಿದ್ದರೆ ಸರಕಾರ ಆ ಸಮಿತಿಯನ್ನೇ ರದ್ದು ಮಾಡಿ ಹೊಸದು ಮಾಡಬೇಕು. "ಮಾಡಬಹುದು" ಅಂತಲ್ಲ, ಮಾಡಬೇಕು. ಸಮಿತಿಯ ಮೇಲೆ ದೂರಿದ್ದರೆ ಮಗುವೇ, ಇಲ್ಲವೇ ಮಗುವಿಗೆ ಸಂಬಂಧಪಟ್ಟ ಯಾರು ಬೇಕಾದರೂ ಜಿಲ್ಲಾಧಿಕಾರಿಗೆ ಕೊಡಬಹುದು, ಎರಡೂ ಕಡೆ ಕೇಳಿ ಅವರು ಆದೇಶ ಮಾಡಬೇಕು. 2021ರ ತಿದ್ದುಪಡಿ ಇದನ್ನು ಇನ್ನೂ ಬಿಗಿ ಮಾಡಿದೆ. ಈ ದಾರಿ ಇದೆ ಅಂತ ಬಾಲಮಂದಿರದ ಗೋಡೆ ಮೇಲೆ ಬರೆದದ್ದನ್ನು ನಾನಂತೂ ಕಂಡಿಲ್ಲ.

ಮೂರು ತಿಂಗಳಿಗೊಮ್ಮೆ ಕೊಡುವ ಆ ವರದಿ ಹೊರಗೆ ಬಂದರೆ ಅರ್ಧ ಕೆಲಸ ಆದ ಹಾಗೆ. ಅದರಲ್ಲಿ ಇರಬೇಕಾದದ್ದು ಸಂಖ್ಯೆ, ಮಕ್ಕಳ ಹೆಸರಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ಯಾವ ತಾಲೂಕಿನಲ್ಲಿ ಎಷ್ಟು ಜನರ ಖಾತೆಗೆ ಬಿತ್ತು ಅಂತ ಇದೇ ಇಲಾಖೆಗೆ ಪೂರ್ತಿ ಗೊತ್ತು. ಒಂದು ಕಂತು ತಡವಾದರೆ ಪೇಪರಿನಲ್ಲಿ ಬರುತ್ತದೆ, ಶಾಸಕರು ಎದ್ದು ನಿಂತು ಕೇಳುತ್ತಾರೆ. ಕೇಳಲಿ, ಒಳ್ಳೆಯದೇ. ಆದರೆ ಈ ಮಕ್ಕಳ ಲೆಕ್ಕ ಕೇಳುವವರು ಇಲ್ಲ. ಇವರಿಗೆ ಓಟಿಲ್ಲ. ಇವರ ಅಪ್ಪ ಅಮ್ಮಂದಿರ ಓಟು ಕೊಪ್ಪಳದಲ್ಲೋ ಒಡಿಶಾದಲ್ಲೋ ಇರುತ್ತದೆ.

ತಪಾಸಣೆ ನಡೆಯುತ್ತಿದೆ ಅಂತ ನಿಮಗೆ ಹೇಳುತ್ತಾರೆ. ನಡೆಯುತ್ತಿರಬಹುದು. ಬಿಹಾರದ ಮುಜಫ್ಫರ್‌ಪುರದಲ್ಲೂ ತಪಾಸಣೆಗೆ ಅಧಿಕಾರಿಗಳು ಇದ್ದರು, ಸಮಿತಿ ಇತ್ತು. ಅಲ್ಲಿನ ಆಶ್ರಯಧಾಮದ ಹುಡುಗಿಯರಿಗೆ ಏನಾಗುತ್ತಿತ್ತು ಅಂತ 2018ರಲ್ಲಿ ಹೊರಬಿದ್ದದ್ದು ಹೊರಗಿನಿಂದ ಬಂದ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರ ಪರಿಶೋಧನೆಯಿಂದ. 2020ರ ಜನವರಿಯಲ್ಲಿ ದಿಲ್ಲಿಯ ಕೋರ್ಟು 19 ಜನರನ್ನು ತಪ್ಪಿತಸ್ಥರು ಅಂದಿತು. ಅವರಲ್ಲಿ ಅಲ್ಲಿನ ಮಕ್ಕಳ ಕಲ್ಯಾಣ ಸಮಿತಿಯ ಅಧ್ಯಕ್ಷನಾಗಿದ್ದವನೂ ಇದ್ದ, ಮಕ್ಕಳ ರಕ್ಷಣಾ ಅಧಿಕಾರಿಯೂ ಇದ್ದ. ನಮ್ಮಲ್ಲಿ ಹಾಗೆ ನಡೆಯುತ್ತಿದೆ ಅಂತ ನಾನು ಹೇಳುತ್ತಿಲ್ಲ, ಸುಮ್ನೆ ಹೆದರಿಸುವುದೂ ಇಲ್ಲ. ಒಳಗಿನವರೇ ಒಳಗಿನವರನ್ನು ನೋಡಿ ಸಹಿ ಹಾಕಿದರೆ ಸಾಲದು ಅನ್ನುವುದಷ್ಟೇ ನನ್ನ ಮಾತು. ಸುಪ್ರೀಂ ಕೋರ್ಟು ಕೂಡ 2018ರ ಫೆಬ್ರವರಿಯಲ್ಲಿ ಇಂಥ ಸಾಮಾಜಿಕ ಪರಿಶೋಧನೆ ಆಗಬೇಕು, ಖಾಲಿ ಹುದ್ದೆ ತುಂಬಬೇಕು ಅಂದಿದೆ. ಆ ಅರ್ಜಿ ಹಾಕಿದ್ದು 2005ರಲ್ಲಿ. ಅಂದು ಹುಟ್ಟಿದ ಮಗು ತೀರ್ಪು ಬರುವಾಗ ಹೈಸ್ಕೂಲಿನ ಬಾಗಿಲಿಗೆ ಬಂದಿತ್ತು.

ಮಕ್ಕಳ ರಕ್ಷಣಾ ಘಟಕಗಳಲ್ಲಿ ದುಡಿಯುವ ಹುಡುಗ ಹುಡುಗಿಯರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಹೆಚ್ಚಿನವರು ಗುತ್ತಿಗೆಯವರು. ನಮ್ಮ ಜಿಲ್ಲೆಯನ್ನೇ ನೋಡಿ. ಬೈಂದೂರಿನ ಕಡಲ ಬದಿಯಿಂದ ಹೆಬ್ರಿಯ ಘಟ್ಟದ ಬುಡದವರೆಗೆ ಏಳು ತಾಲೂಕು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಕೆಲವು ಮನೆಗೆ ಹೋಗುವುದೇ ಕಷ್ಟ. ಜನ ಸಾಲದು ಅಂತಾದರೆ ಜನ ಕೊಡಿ, ವಾಹನ ಕೊಡಿ. ಆದರೆ ಮನೆಗೆ ಹೋಗದೆಯೇ ಹೋದ ಹಾಗೆ ಫಾರಂ ತುಂಬುವುದಕ್ಕೆ ಗುತ್ತಿಗೆ ಕೆಲಸ ಕಾರಣ ಆಗುವುದಿಲ್ಲ. ಹಾಗೆ ತುಂಬಿದ್ದಕ್ಕೆ ಸಹಿ ಹಾಕುವ ಮೇಲಿನವರು ಗುತ್ತಿಗೆಯವರೂ ಅಲ್ಲ.

ಪ್ರಾಯೋಜಕತ್ವದ ದುಡ್ಡಿನ ಬಗ್ಗೆಯೂ ಒಂದು ಮಾತು. ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವನ್ನು ಮನೆಯಲ್ಲೇ ಇಟ್ಟುಕೊಂಡು ಸಾಕಲು ತಿಂಗಳಿಗೆ 4,000 ರೂಪಾಯಿ ಇದೆ. ಬಹಳ ಒಳ್ಳೆಯ ಯೋಜನೆ. ಆದರೆ ಆದಾಯದ ಮಿತಿ ಹಳ್ಳಿಯಲ್ಲಿ ವರ್ಷಕ್ಕೆ 72,000, ಪೇಟೆಯಲ್ಲಿ 96,000. ಅಂದರೆ ಹಳ್ಳಿಯಲ್ಲಿ ತಿಂಗಳಿಗೆ ಆರು ಸಾವಿರ. ಎರಡು ಮಕ್ಕಳಿರುವ ಗಂಡನಿಲ್ಲದ ಹೆಂಗಸು ಹಗಲು ಮೀನು ಹೊತ್ತು, ರಾತ್ರಿ ಬೀಡಿ ಕಟ್ಟಿ ಅದಕ್ಕಿಂತ ಚೂರು ಜಾಸ್ತಿ ದುಡಿದರೆ ಯೋಜನೆಯಿಂದ ಹೊರಗೆ. ದುಡಿದದ್ದೇ ತಪ್ಪಾ? ಕೇಂದ್ರ ಶೇಕಡಾ 60 ಕೊಡುತ್ತದೆ, ರಾಜ್ಯ 40. ಮಿತಿ ಏರಿಸಿ ಅಂತ ದಿಲ್ಲಿಗೆ ನೀವು ಬರೆಯಬಹುದು.

ಮಕ್ಕಳ ಮಾತು ಕೇಳುವುದು ಈ ಊರಿಗೆ ಹೊಸದೇನಲ್ಲ. 1990ರ ದಶಕದಲ್ಲೇ ಕುಂದಾಪುರ ತಾಲೂಕಿನ ಹಳ್ಳಿಗಳಲ್ಲಿ ಮಕ್ಕಳ ಪಂಚಾಯತಿ ಶುರುವಾಯಿತು. ದನ ಕಾಯುವ, ಹೋಟೆಲಿನಲ್ಲಿ ದುಡಿಯುವ ಮಕ್ಕಳೂ ಸೇರಿ ತಮ್ಮ ತೊಂದರೆಗಳನ್ನು ಅಧಿಕಾರಿಗಳ ಎದುರು ಹೇಳಿದರು, ಕೇಳಿಸಿಕೊಳ್ಳುವವರೂ ಇದ್ದರು. ಅದನ್ನು ನೋಡಲು ಹೊರದೇಶದವರೂ ಬಂದರು. ಅಂಥ ಊರಿನ ಪಕ್ಕದಲ್ಲೇ ಮಗುವಿನ ಅಭಿಪ್ರಾಯದ ಜಾಗದಲ್ಲಿ ಅಡ್ಡಗೆರೆ ಎಳೆಯುತ್ತಾರೆ ಅಂದರೆ ಹೊಟ್ಟೆ ಉರಿಯುತ್ತದೆ.

ನೀವು ಮಾಡಬೇಕಾದದ್ದು ದೊಡ್ಡದೇನಲ್ಲ. ಮಣಿಪಾಲದಲ್ಲಿ ಮುಂದಿನ ತ್ರೈಮಾಸಿಕ ಕೆಡಿಪಿ ಸಭೆ, ಅಂದರೆ ಜಿಲ್ಲೆಯ ಎಲ್ಲ ಇಲಾಖೆಗಳ ಪ್ರಗತಿ ಪರಿಶೀಲನೆ, ನಡೆಯುತ್ತದೆ. ಅಧ್ಯಕ್ಷತೆ ನಿಮ್ಮದೇ. ರಸ್ತೆ, ಮರಳು, ಕುಡಿಯುವ ನೀರು ಮುಗಿಯುವಾಗ ಊಟದ ಹೊತ್ತಾಗಿರುತ್ತದೆ. ಅದಕ್ಕೆ ಮೊದಲು ಅರ್ಧ ಗಂಟೆ ಇದಕ್ಕೆ ಕೊಡಿ. ಸಮಿತಿ ಜಿಲ್ಲಾಧಿಕಾರಿಗೆ ಕೊಟ್ಟ ಕಳೆದ ನಾಲ್ಕು ವರದಿ ಮೇಜಿನ ಮೇಲೆ ಇಡಿಸಿ. ಕೊಟ್ಟೇ ಇಲ್ಲ ಅಂದರೆ ಅದನ್ನೂ ನಡಾವಳಿಯಲ್ಲಿ ಬರೆಸಿ. ಎಷ್ಟು ಸಿಟ್ಟಿಂಗ್ ಕೋರಂ ಇಲ್ಲದೆ ನಿಂತಿತು, ಎಷ್ಟು ಮಕ್ಕಳ ಕೇಸು ನಾಲ್ಕು ತಿಂಗಳು ದಾಟಿತು, ಮನೆಗೆ ಕಳುಹಿಸಿದ ಮಕ್ಕಳಲ್ಲಿ ಎಷ್ಟು ಜನರನ್ನು ಆಮೇಲೆ ಹೋಗಿ ನೋಡಿದರು, ಎಷ್ಟು ಜನ ಶಾಲೆಯಲ್ಲಿದ್ದಾರೆ, ಅಣ್ಣ ತಂಗಿ ಅಕ್ಕ ತಮ್ಮ ಬೇರೆ ಬೇರೆ ಕಡೆ ಇದ್ದರೆ ತಿಂಗಳಿಗೆ ಎಷ್ಟು ಸಲ ಭೇಟಿ ಮಾಡಿಸಿದರು ಅಂತ ಕೇಳಿ. ಬಂದ ಉತ್ತರವನ್ನು ಹೆಸರಿಲ್ಲದೆ, ಬರೀ ಸಂಖ್ಯೆಯಲ್ಲಿ, ಜಿಲ್ಲೆಯ ವೆಬ್‌ಸೈಟಿನಲ್ಲಿ ಹಾಕಿಸಿ. ಉಡುಪಿಯಲ್ಲಿ ಆದದ್ದು ಮಂಗಳೂರಿನಲ್ಲೂ ಕಾರವಾರದಲ್ಲೂ ಆಗಲಿ ಅಂತ ಇಲಾಖೆಯಿಂದ ಒಂದು ಸುತ್ತೋಲೆ ಹೊರಡಿಸಿ. ಹೊರಗಿನ ಪರಿಶೋಧನೆ ಯಾವಾಗ, ಯಾರಿಂದ ಅಂತ ಅವತ್ತೇ ತೀರ್ಮಾನ ಮಾಡಿ.

ನನ್ನ ಹಾಗೆ ನಿವೃತ್ತರಾದ ಕೆಲವು ಟೀಚರುಗಳು ಆ ದಿನ ಜಿಲ್ಲಾ ಪಂಚಾಯತ್ ಹತ್ತಿರ ಬರುತ್ತೇವೆ. ಘೋಷಣೆ ಕೂಗುವವರಲ್ಲ. ಸಭೆಯ ಒಳಗೆ ಬಿಡುವುದಿಲ್ಲ ಅಂತಲೂ ಗೊತ್ತು, ಪರವಾಗಿಲ್ಲ. ವರದಿಯ ಪ್ರತಿ ಒಂದನ್ನು ಹೊರಗೆ ಕಳುಹಿಸಿಕೊಡಿ, ಓದಿ ನಮ್ಮ ಪ್ರಶ್ನೆಗಳನ್ನು ಬರೆದು ಕೊಡುತ್ತೇವೆ.

ಇಂತಿ,
ಒಬ್ಬ ನಿವೃತ್ತ ಹೈಸ್ಕೂಲ್ ಟೀಚರ್
ಬ್ರಹ್ಮಾವರ ತಾಲೂಕು

ಪ್ರತಿ: ಜಿಲ್ಲಾಧಿಕಾರಿಗಳು, ರಜತಾದ್ರಿ, ಮಣಿಪಾಲ