ಅಂದಕ್ಕಿಂತ ಮೊದಲು ಒತ್ತಕ್ಷರ ನೋಡಿ

ಮಾನ್ಯರೇ,

ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುವ ಮುಕ್ತ ತಂತ್ರಾಂಶಗಳನ್ನು ಕನ್ನಡದ ಸ್ವಯಂಸೇವಕರು ಬರೆಯಬೇಕೆಂದು ತಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಲೇಖನದ ಆಶಯವನ್ನು ಒಪ್ಪುತ್ತೇನೆ. ಆದರೆ ವಿಂಡೋ, ಬಟನ್, ಮೆನುಗಳನ್ನು ಪರದೆಯ ಮೇಲೆ ಮೂಡಿಸುವ ಟೂಲ್‌ಕಿಟ್ ಯಾವುದಾದರೂ ನಡೆದೀತು, ಕಲಿಯಲು ಸುಲಭವಾದುದನ್ನು ಹಿಡಿಯಿರಿ ಎಂಬ ಅದರ ಸಲಹೆಯನ್ನು ಒಪ್ಪಲಾರೆ. ಹಾಗೆ ಮಾಡಿ ಕೈಸುಟ್ಟುಕೊಂಡವನು ನಾನು.

ನಮ್ಮೂರಿನ ಸಣ್ಣ ವಾಚನಾಲಯಕ್ಕಾಗಿ ಪುಸ್ತಕಗಳ ಕೊಡುಕೊಳ್ಳುವಿಕೆಯ ಲೆಕ್ಕವಿಡುವ ತಂತ್ರಾಂಶವನ್ನು, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುತ್ತದೆಂಬ ಒಂದೇ ಕಾರಣಕ್ಕೆ, ಟಿಕೆ ಎಂಬ ಟೂಲ್‌ಕಿಟ್ಟನ್ನು ಬಳಸುವ ಟಿಕಿಂಟರ್‌ನಲ್ಲಿ ಬರೆದಿದ್ದೆ. ಮನೆಯ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಿಯಾಗಿತ್ತು. ವಾಚನಾಲಯದ ಹಳೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ತೆರೆದಾಗ ಸದಸ್ಯರ ಪಟ್ಟಿಯಲ್ಲಿದ್ದ ‘ಲಕ್ಷ್ಮಮ್ಮ’ ‘ಲಕ್‌ಷ್‌ಮಮ್‌ಮ’ ಆಗಿಬಿಟ್ಟಿದ್ದರು. ಫಾಂಟ್ ಬದಲಿಸಿದರೂ ಪ್ರಯೋಜನವಾಗಲಿಲ್ಲ, ಏಕೆಂದರೆ ತಪ್ಪು ಫಾಂಟಿನದಾಗಿರಲಿಲ್ಲ. ಯೂನಿಕೋಡಿನಲ್ಲಿ ಕನ್ನಡದ ಒತ್ತಕ್ಷರಗಳಿಗೆ ಪ್ರತ್ಯೇಕ ಸಂಕೇತಗಳಿಲ್ಲ. ಕಕಾರ, ಹಲಂತ, ಷಕಾರ ಸಾಲಾಗಿ ಬಂದಾಗ ಫಾಂಟಿನೊಳಗಿಂದ ‘ಕ್ಷ’ದ ಆಕಾರವನ್ನು ಹೆಕ್ಕಿ ತಂದು ಕೂರಿಸುವ ಕೆಲಸ ಬೇರೊಂದು ಎಂಜಿನ್‌ನದು. ವಿಂಡೋಸ್‌ನಲ್ಲಿ ಆ ಕೆಲಸವನ್ನು ಆಪರೇಟಿಂಗ್ ಸಿಸ್ಟಮ್ಮೇ ಮಾಡಿಕೊಟ್ಟಿತ್ತು. ಲಿನಕ್ಸ್‌ನಲ್ಲಿ ನಾನು ಬಳಸಿದ ಟಿಕೆ ಆವೃತ್ತಿ ಅಕ್ಷರಗಳನ್ನು ಒಂದರ ಪಕ್ಕ ಒಂದಿಟ್ಟು ಸುಮ್ಮನಾಗಿತ್ತು. ಕ್ಯೂಟಿ ಮತ್ತು ಜಿಟಿಕೆ ಎಂಬ ಟೂಲ್‌ಕಿಟ್‌ಗಳು ಈ ಕೆಲಸಕ್ಕೆ ಹಾರ್ಫ್‌ಬಜ್ ಎಂಬ ಎಂಜಿನ್ನನ್ನು ಬಳಸುವುದರಿಂದ ಅವುಗಳಲ್ಲಿ ಈ ತೊಂದರೆಯಿಲ್ಲ. ಆಯಾ ಸಿಸ್ಟಮ್‌ನ ಸ್ವಂತ ಬಟನ್, ಮೆನುಗಳನ್ನೇ ಬಳಸುವ ಡಬ್ಲ್ಯುಎಕ್ಸ್‌ವಿಜೆಟ್ಸ್‌ನಲ್ಲೂ ಇಲ್ಲ.

ಕ್ಯೂಟಿ ಎಂದೊಡನೆ ಲೈಸೆನ್ಸಿನ ಭಯ ಹುಟ್ಟಿಸುವವರು ಇಂದಿಗೂ ಇದ್ದಾರೆ. ಆ ಭಯಕ್ಕೆ ಹಳೆಯ ಕಾರಣವಿದೆ. ನಾರ್ವೆಯ ಟ್ರೋಲ್‌ಟೆಕ್ ಕಂಪನಿಯ ಈ ಟೂಲ್‌ಕಿಟ್ಟನ್ನು ನೆಚ್ಚಿ 1996ರಲ್ಲಿ ಲಿನಕ್ಸ್‌ಗೆ ಡೆಸ್ಕ್‌ಟಾಪ್ ಕಟ್ಟುವ ಕೆಡಿಇ ಯೋಜನೆ ಆರಂಭವಾದಾಗ ಅದರ ಲೈಸೆನ್ಸ್ ಮುಕ್ತವಾಗಿರಲಿಲ್ಲ. ಅದನ್ನು ಒಪ್ಪದವರು 1997ರಲ್ಲಿ ಜಿಟಿಕೆಯನ್ನು ಆಧರಿಸಿ ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪ್ ಕಟ್ಟಲು ಹೊರಟರು. ಆದರೆ 2000ದಲ್ಲಿ ಜಿಪಿಎಲ್ (ಅದನ್ನು ಬಳಸಿ ಬರೆದು ಹಂಚುವ ತಂತ್ರಾಂಶವೂ ಮುಕ್ತವಾಗಿರಬೇಕೆನ್ನುವ ಲೈಸೆನ್ಸ್), ನೋಕಿಯಾದ ಕೈಗೆ ಹೋದ ಮೇಲೆ 2009ರಲ್ಲಿ ಅಷ್ಟು ಬಿಗಿಯಿಲ್ಲದ ಎಲ್‌ಜಿಪಿಎಲ್ ಅಡಿಯಲ್ಲೂ ಕ್ಯೂಟಿ ಸಿಗುವಂತಾಯಿತು. ತನ್ನ ತಂತ್ರಾಂಶವನ್ನೇ ಜಿಪಿಎಲ್ ಅಡಿಯಲ್ಲಿ ಹಂಚಲಿರುವ ಸ್ವಯಂಸೇವಕನಿಗೆ ಇದರಲ್ಲಿ ಹೆದರುವಂಥದ್ದೇನೂ ಇಲ್ಲ. ಪೈಥಾನ್‌ನಲ್ಲಿ ಬರೆಯುವವರು ಮಾತ್ರ, ಕ್ಯೂಟಿಯನ್ನು ಪೈಥಾನ್‌ಗೆ ಜೋಡಿಸುವ ಎರಡು ಸೇತುವೆಗಳಲ್ಲಿ ಪೈಕ್ಯೂಟಿ ಜಿಪಿಎಲ್ ಅಥವಾ ದುಡ್ಡಿನ ಲೈಸೆನ್ಸಿನದು, ಪೈಸೈಡ್ ಎಲ್‌ಜಿಪಿಎಲ್‌ನಲ್ಲೂ ಸಿಗುತ್ತದೆ ಎಂಬ ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಜಿಟಿಕೆ ಲಿನಕ್ಸ್‌ನಲ್ಲಿ ಮನೆಮಗ, ಉಳಿದೆರಡರಲ್ಲಿ ನೆಂಟ. ನೆಟ್‌ವರ್ಕ್ ಪರಿಶೀಲಿಸುವವರಿಗೆಲ್ಲ ಗೊತ್ತಿರುವ ವೈರ್‌ಶಾರ್ಕ್ 2015ರ ತನ್ನ 2.0 ಆವೃತ್ತಿಯಲ್ಲಿ ಜಿಟಿಕೆಯಿಂದ ಕ್ಯೂಟಿಗೆ ಬಂದಿತು. ಲಿನಕ್ಸ್‌ನ ಕರ್ತೃ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ, ಸ್ಕೂಬಾ ಡೈವಿಂಗ್‌ನ ದಾಖಲೆಯಿಡುವ ಸಬ್‌ಸರ್ಫೇಸ್ ಕೂಡ ಅದೇ ದಾರಿ ಹಿಡಿಯಿತು.

ತಂತ್ರಾಂಶವನ್ನು ವೆಬ್ ಪುಟದಂತೆ ಬರೆಯಲು ಬಿಡುವ, ಲೇಖನವು ಮೆಚ್ಚಿಕೊಂಡಿರುವ ಎಲೆಕ್ಟ್ರಾನ್‌ನಲ್ಲಿ ಕನ್ನಡ ಚೆನ್ನಾಗಿಯೇ ಮೂಡುತ್ತದೆ, ಸುಳ್ಳು ಹೇಳಬಾರದು. ಆದರೆ ಪ್ರತಿ ತಂತ್ರಾಂಶವೂ ಒಂದೊಂದು ಕ್ರೋಮಿಯಂ ಬ್ರೌಸರನ್ನು ಬೆನ್ನಿಗೆ ಕಟ್ಟಿಕೊಂಡೇ ಬರುವುದರಿಂದ, ಎರಡು ಜಿಬಿ ರ‍್ಯಾಮ್‌ನ ನಮ್ಮ ವಾಚನಾಲಯದ ಯಂತ್ರಕ್ಕೆ ಅದು ಒಂದು ಲೋಟ ನೀರಿಗಾಗಿ ಬಾವಿಯನ್ನೇ ಹೊತ್ತು ತಂದಂತೆ. ಆ ಬ್ರೌಸರಿನಲ್ಲಿ ಭದ್ರತಾ ಲೋಪ ಕಂಡಾಗಲೆಲ್ಲ ಹೊಸ ಆವೃತ್ತಿ ಕಟ್ಟಿ ಹಂಚುವ ಹೊಣೆಯೂ ಬಿಡುವಿನ ವೇಳೆಯಲ್ಲಿ ದುಡಿಯುವ ಸ್ವಯಂಸೇವಕನದೇ.

ಆದ್ದರಿಂದ ಲೇಖಕರಲ್ಲಿ ನನ್ನ ವಿನಂತಿಯಿಷ್ಟು: ಕೆಲಸ ಆರಂಭಿಸುವ ಮುನ್ನ, ಬರೆಯುವ ಪೆಟ್ಟಿಗೆಯೊಂದನ್ನು ಬಿಟ್ಟು ಬೇರೇನೂ ಇಲ್ಲದ ಒಂದು ವಿಂಡೋವನ್ನು ಮೂರೂ ಸಿಸ್ಟಮ್‌ಗಳಲ್ಲಿ ತೆರೆದು, ‘ಸ್ತ್ರೀ’, ‘ಅರ್ಕಾವತಿ’, ‘ಲಕ್ಷ್ಮಮ್ಮ’ ಎಂದು ಟೈಪಿಸಿ, ಬ್ಯಾಕ್‌ಸ್ಪೇಸ್ ಒತ್ತಿದಾಗ ಏನು ಅಳಿಯುತ್ತದೆಂದು ನೋಡುವಂತೆ ಓದುಗರಿಗೆ ಹೇಳಲಿ. ಅಕ್ಷರ ಸರಿಯಾಗಿ ಮೂಡಿದರೂ ಟೈಪಿಂಗ್ ಕೈಕೊಡುವುದುಂಟು. ಲಿನಕ್ಸ್‌ನಲ್ಲಿ ಕನ್ನಡ ಟೈಪಿಂಗ್ ನಡೆಸಿಕೊಡುವ ಐಬಸ್‌ಗೆ ಬೇಕಾದ ಪ್ಲಗಿನ್ ಜೊತೆಗಿಲ್ಲದ ಕ್ಯೂಟಿ ತಂತ್ರಾಂಶದಲ್ಲಿ ಕೀಲಿ ಒತ್ತಿದರೆ ಇಂಗ್ಲಿಷೇ ಬೀಳುತ್ತದೆ. ಅದೇ ವಿಂಡೋವನ್ನು ವಿಂಡೋಸ್‌ನಲ್ಲಿ ಎನ್‌ವಿಡಿಎ, ಲಿನಕ್ಸ್‌ನಲ್ಲಿ ಓರ್ಕಾ ಎಂಬ ಪರದೆ ಓದುವ ತಂತ್ರಾಂಶಗಳು ಓದಿ ಹೇಳುತ್ತವೆಯೇ ಎಂಬುದನ್ನೂ ಕೇಳಿ ನೋಡಬೇಕು, ಕಣ್ಣು ಕಾಣದ ಓದುಗರೂ ವಾಚನಾಲಯಕ್ಕೆ ಬರುತ್ತಾರೆ.

ನಮ್ಮ ತಂತ್ರಾಂಶವನ್ನು ಕೊನೆಗೆ ಪೈಸೈಡ್‌ಗೆ ಬದಲಿಸಿದೆ. ಲೆಕ್ಕದ ಭಾಗವನ್ನು ಬೇರೆಯಾಗಿಯೇ ಬರೆದಿದ್ದರಿಂದ ಅದನ್ನು ಮುಟ್ಟಬೇಕಾಗಲಿಲ್ಲ. ಪರದೆಗಳನ್ನು ಮಾತ್ರ ಹೊಸದಾಗಿ ಬರೆಯಲು ನಾಲ್ಕು ಭಾನುವಾರಗಳು ಹಿಡಿದವು.

ಇತಿ,
ವಾಚನಾಲಯದ ಒಬ್ಬ ಸ್ವಯಂಸೇವಕ,
ತಿಪಟೂರು