ಬಡಗಿ ಅಪ್ಪನ ನೆನಪು

ಮಾನ್ಯರೇ,

ನಮ್ಮ ಅಪ್ಪ ಬಡಗಿ. ಕಳೆದ ತಿಂಗಳು ತೀರಿಕೊಂಡರು. ಸುತ್ತಲ ಹಳ್ಳಿಗಳ ಎಷ್ಟೋ ಹಲಸಿನ ಬಾಗಿಲುಗಳು ಅವರ ಕೈಕೆಲಸ. ಮರ ಚೆನ್ನಾಗಿ ಒಣಗುವವರೆಗೆ ಉಳಿ ಮುಟ್ಟುತ್ತಿರಲಿಲ್ಲ. ಹಸಿ ಮರ ಆಮೇಲೆ ಸೊಟ್ಟಗಾಗುತ್ತದೆ, ಅಲ್ವಾ? ಚೌಕಟ್ಟಿಗೆ ಮೊಳೆ ಹೊಡೆಯದೆ, ಒಂದರ ತುದಿಯನ್ನು ಇನ್ನೊಂದರ ತೂತಿಗೆ ಕೂರಿಸಿ ಮರದ ಬೆಣೆ ಬಡಿಯುತ್ತಿದ್ದರು. ಎಷ್ಟೇ ದಣಿದು ಬಂದರೂ ನಮ್ಮ ಪಾಠ ಕೇಳಿಸಿಕೊಂಡೇ ಮಲಗುತ್ತಿದ್ದರು. ನನಗೂ ಉಳಿ ಹಿಡಿಯಲು ಕಲಿಸಿದರು. ‘ಹೆಣ್ಣುಮಗಳಿಗೆ ಯಾಕೆ’ ಎಂದವರ ಮಾತಿಗೆ ಕಿವಿಗೊಡಲಿಲ್ಲ.

2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳಿಗೆ ಉಪಕರಣ ಕೊಳ್ಳಲು 15,000 ರೂಪಾಯಿವರೆಗೆ ನೆರವಿದೆ. ಒಳ್ಳೆಯದೇ. ಇಂಥ ಹಿರಿಯರ ಹತ್ತಿರವೇ ಇದ್ದು ಕೆಲಸ ಕಲಿಯುವ ಮಕ್ಕಳಿಗೂ ಸರ್ಕಾರ ತಿಂಗಳಿಗಿಷ್ಟು ಅಂತ ಹಣ ಕೊಡಲಿ.

– ಓದುಗಿ, ಸಾಗರ